ಮನ್ಯಾಗ ಕೇಳಿ ಹೇಳ್ತೀನಿ

ಇದನ್ನು ಬರೆಯಲು ನಾನು ಬಹಳ ತಡಮಾಡಿದೆ. ಸುಗ್ಗಿ ಮುಗಿಯಲಿ ಎಂದೆ, ಕಣ್ಣಿನ ಆಪರೇಶನ್ ಆಗಲಿ ಎಂದೆ, ಮೊಮ್ಮಗಳ ಪರೀಕ್ಷೆ ಮುಗಿದು ಮನೆಯಲ್ಲಿ ಗದ್ದಲ ಕಡಿಮೆಯಾಗಲಿ ಎಂದೆ. ನೆವಗಳಿಗೆ ಎಂದೂ ಬರ ಬರಲಿಲ್ಲ. ಬಾಯಿಬಿಟ್ಟು ಹೇಳದ ಮಾತನ್ನು ಮನುಷ್ಯ ತನಗೆ ಬೇಕಾದ ಹಾಗೆ ತಿರುವಿಕೊಳ್ಳಬಹುದು. ನಾನೂ ವರ್ಷಗಟ್ಟಲೆ ತಿರುವಿಕೊಂಡೆ. ಒಮ್ಮೆ ಆಸ್ಪತ್ರೆಯವರ ತಪ್ಪಾಯಿತು, ಒಮ್ಮೆ ಕಾಲದ ತಪ್ಪಾಯಿತು. ಈಗ ಬರೆದ ಸಾಲು ನೆಟ್ಟಗೆ ನಿಲ್ಲುವುದಿಲ್ಲ. ಇನ್ನೂ ತಡಮಾಡಿದರೆ ಬರೆಯುವುದೇ ಆಗಲಿಕ್ಕಿಲ್ಲ.

ಎಪ್ಪತ್ತರ ದಶಕದ ಮಾತು. ನಮ್ಮೂರು ಮೊರಬದ ಹತ್ತಿರ, ಎರೆಹೊಲದ ಸೀಮೆ. ನವಲಗುಂದದಲ್ಲಿ ಹೈಸ್ಕೂಲು ಮುಗಿಸಿದ ಮೇಲೆ ನಾನು ಹೊಲ ನೋಡಿಕೊಳ್ಳುತ್ತ, ಜೊತೆಗೆ ಎತ್ತಿನ ವ್ಯಾಪಾರ ಮಾಡುತ್ತಿದ್ದೆ. ಒಂದು ಸಂತೆಯಲ್ಲಿ ಕೊಳ್ಳುವುದು, ಇನ್ನೊಂದು ಸಂತೆಯಲ್ಲಿ ಮಾರುವುದು. ಆ ವಿದ್ಯೆಯ ಮೊದಲ ಪಾಠ ನನಗೆ ಆದದ್ದು ಚಿಗವ್ವನಿಂದ.

ಚಿಗವ್ವ ಅಂದರೆ ನಮ್ಮವ್ವನ ತಂಗಿ. ಅವ್ವ ಸತ್ತಾಗ ನಾನಿನ್ನೂ ಅಂಬೆಗಾಲಿಡುತ್ತಿದ್ದೆನಂತೆ. ಕೂಸು ಪರರ ಕೈಯಲ್ಲಿ ಬೆಳೆಯುವುದು ಬೇಡವೆಂದು ಹಿರಿಯರು ಅವಳನ್ನೇ ಅಪ್ಪನಿಗೆ ಕೊಟ್ಟು ಮದುವೆ ಮಾಡಿದರು. ಅವಳಿಗೆ ಮಕ್ಕಳಾಗಲಿಲ್ಲ. ಯಾರಾದರೂ ಅದರ ಮಾತೆತ್ತಿದರೆ, "ಒಂದು ಐತೆಲ್ಲ, ಇದನ್ನ ಸಂಬಾಳಸೂದರಾಗ ಜೀವ ಹೋಗಾಕತ್ತೇತಿ" ಎಂದು ನನ್ನ ಕಿವಿ ಹಿಂಡುತ್ತಿದ್ದಳು.

ಅವಳ ತವರು ತಂಬೂರ. ಅವಳ ಅಪ್ಪ ದನದ ಸಂತೆಯ ದಲಾಲಿ. ನಮ್ಮ ಕಡೆ ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವೆಲ್ಲಿನ ಕೆಳಗೆ ಕೈ ಕೈ ಹಿಡಿಯುತ್ತಾರೆ. ಇವನು ಅವನ ಬೆರಳು ಹಿಡಿದು ಒತ್ತಿದರೆ ಅದೇ ಬೆಲೆ. ಒಪ್ಪದಿದ್ದರೆ ಅವನು ಬೇರೆ ಬೆರಳು ಹಿಡಿಯುತ್ತಾನೆ. ಸುತ್ತ ನಿಂತವರಿಗೆ ಟವೆಲ್ಲು ಅಲ್ಲಾಡುವುದಷ್ಟೇ ಕಾಣುತ್ತದೆ. ಕೈ ಹಿಂದಕ್ಕೆ ಎಳೆದುಕೊಂಡರೆ ವ್ಯಾಪಾರ ಮುರಿಯಿತು ಎಂದರ್ಥ. ನಾನು ಹುಡುಗನಾಗಿದ್ದಾಗ ಚಿಗವ್ವ ತನ್ನ ಸೆರಗಿನ ಕೆಳಗೆ ನನ್ನ ಕೈ ಹಿಡಿದು ಇದನ್ನು ಕಲಿಸಿದ್ದಳು. ಅವಳು ಮಾರುವವಳು, ನಾನು ಕೊಳ್ಳುವವನು, ಹುರಿದ ಶೇಂಗಾ ನಮ್ಮ ಎತ್ತು.

ಏನೂ ಹೇಳದೆ ಕೈ ಎಳೆದುಕೊಂಡರೆ ಎದುರಿನವನಿಗೆ ಅವಮಾನ. ಅದಕ್ಕೆ ಸಂತೆಯಲ್ಲಿ ಒಂದು ಮಾತಿದೆ: "ಮನ್ಯಾಗ ಕೇಳಿ ಹೇಳ್ತೀನ್ರಿ." ಮನೆಯಲ್ಲಿ ಎಂದರೆ ಹೆಂಡತಿಯನ್ನು. ಮೀಸೆ ತಿರುವುವ ಗೌಡನೂ ಇದನ್ನೇ ಹೇಳುತ್ತಾನೆ. ಮನೆಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. "ಒಲ್ಲೆ" ಎಂಬುದನ್ನು ನಯವಾಗಿ ಹೇಳುವ ರೀತಿ ಅದು, ಅಷ್ಟೇ. ಆ ಮಾತಿನಿಂದ ಸಂತೆಯಲ್ಲಿ ಯಾವ ಹೆಂಗಸಿಗೂ ಕೆಟ್ಟ ಹೆಸರು ಬಂದದ್ದನ್ನು ನಾನು ಕಾಣೆ.

ಅಪ್ಪ ತೀರಿದ ಕೆಲವು ವರ್ಷಗಳಿಗೆ ಚಿಗವ್ವನ ಗಲ್ಲದ ಒಳಗೆ ಹುಣ್ಣಾಯಿತು. ಎಲೆ ಅಡಿಕೆಯ ಜೊತೆ ತಂಬಾಕು ಇಟ್ಟುಕೊಳ್ಳುವ ಚಟ ಅವಳಿಗೆ. ಮೊದಮೊದಲು ಲವಂಗ ಅರೆದು ಹಚ್ಚಿಕೊಂಡಳು. ಹುಬ್ಬಳ್ಳಿಗೆ ಕರೆದೊಯ್ಯುವ ಹೊತ್ತಿಗೆ ಅದು ಗಲ್ಲ ತೂತುಮಾಡಿ ಹೊರಬಂದಿತ್ತು. ಅಲ್ಲಿ ಕ್ಯಾನ್ಸರ್ ಎಂದು ಕರೆಂಟು, ಅಂದರೆ ವಿಕಿರಣದ ಚಿಕಿತ್ಸೆ, ಕೊಟ್ಟರು. ಕೊಟ್ಟು ಮುಗಿದ ಮೇಲೆ ಡಾಕ್ಟರು ನನ್ನನ್ನು ಬದಿಗೆ ಕರೆದು, ಇನ್ನು ಔಷಧವಿಲ್ಲ, ಗಾಯವನ್ನು ದಿನಾ ತೊಳೆದು ಕಟ್ಟುವವರಿದ್ದರೆ ಸಾಕು ಎಂದರು. ಕಲಘಟಗಿಯ ಆಚೆ, ಕ್ರೈಸ್ತ ಸಿಸ್ಟರುಗಳು ಇಂಥ ರೋಗಿಗಳನ್ನು ಕೊನೆಯವರೆಗೆ ಇಟ್ಟುಕೊಂಡು ನೋಡಿಕೊಳ್ಳುವ ಒಂದು ಮನೆಯಿದೆ ಎಂದು ಅವರೇ ಹೇಳಿದರು. ಅಲ್ಲಿಗೆ ಸೇರಿಸಿದ್ದು ತಪ್ಪೆಂದು ನಾನು ಇಂದಿಗೂ ಅಂದುಕೊಂಡಿಲ್ಲ. ನಮ್ಮೂರಲ್ಲಿ ಆಗ ಆ ಗಾಯ ಕಟ್ಟಲು ಬಲ್ಲವರು ಯಾರೂ ಇರಲಿಲ್ಲ.

ಹೊರಡುವ ದಿನ ನನ್ನ ಹೆಂಡತಿ, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು, ಊರ ಬಾಗಿಲ ಅಗಸಿಯವರೆಗೆ ಬಂದಳು.

"ಲಗೂ ಬಂದಬಿಡು ಅತ್ತಿ. ನಿನ್ನ ಖೋಲಿ ಸಾರಿಸಿ ಇಟ್ಟಿರ್ತೀನಿ."

"ನನ್ನ ಖೋಲ್ಯಾಗ ನಿನ್ನ ಗಂಡ ಹತ್ತಿ ತುಂಬ್ಯಾನು, ಕಾಯಬೇಕು ನೋಡು," ಎಂದಳು ಚಿಗವ್ವ. ಆಗಿನ್ನೂ ಅವಳ ಮಾತು ತಿಳಿಯುತ್ತಿತ್ತು.

ಆ ಮನೆಗೆ ಕೆಂಪು ಹೆಂಚಿನ ಮಾಡು, ಒಂದೇ ಉದ್ದನೆಯ ಹೆಂಗಸರ ಕೋಣೆ, ಅಂಗಳದಲ್ಲಿ ತೊಳೆದ ಬಟ್ಟೆಗಳ ಸಾಲು. ಕಲಘಟಗಿ ಸೀಮೆಯ ಸಂತೆಗೆ ಬಂದ ದಿನ ನಾನು ಅಲ್ಲಿಗೂ ಹೋಗಿ ಬರುತ್ತಿದ್ದೆ. ಅವಳನ್ನು ನೋಡಲೆಂದು ಸಂತೆಗೆ ಹೋಗುತ್ತಿದ್ದೆನೋ, ಸಂತೆಗೆ ಹೋದದ್ದಕ್ಕೆ ಅವಳನ್ನು ನೋಡುತ್ತಿದ್ದೆನೋ ಎಂದು ಯಾರಾದರೂ ಕೇಳಿದ್ದರೆ ನಾನು ತಡವರಿಸಬೇಕಾಗುತ್ತಿತ್ತು. ಎತ್ತು ಮಾರಾಟವಾಗದ ದಿನ ಹೊತ್ತಾಯಿತೆಂದು ಹೋಗದೆ ಬಂದದ್ದೂ ಉಂಟು.

ಪಕ್ಕದ ಮಂಚದಲ್ಲಿ ಕುಂದಗೋಳ ಕಡೆಯ ಒಬ್ಬ ಮುದುಕಿ ಇದ್ದಳು. ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಆ ಶಕ್ತಿಯೆಲ್ಲ ನಾಲಿಗೆಗೆ ಬಂದು ಸೇರಿತ್ತು.

"ನೋಡಬೇ ಯವ್ವಾ, ನಿನ್ನ ಮಗ ಬಂದಾನ. ಎತ್ತಿನ ಗಂಜಲದ ವಾಸನಿ ಅವನಕಿಂತ ಮುಂದ ಬಂತು," ಎನ್ನುತ್ತಿದ್ದಳು. ಚಿಗವ್ವ ಕಣ್ಣಿನಲ್ಲೇ ನಗುತ್ತಿದ್ದಳು. ಬಾಯಿ ತೆರೆಯುವುದು ಕಷ್ಟವಾಗಿತ್ತು.

ವಾಸನೆಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಸಿಸ್ಟರುಗಳು ದಿನಕ್ಕೆ ಎರಡು ಸಲ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದರು. ಆದರೂ ಅವಳ ಹತ್ತಿರ ಕೂತರೆ ಕೊಳೆತ ವಾಸನೆ ಮೂಗಿಗೆ ಬಡಿಯುತ್ತಿತ್ತು. ನಾನು ಕಿಟಕಿಯ ಹತ್ತಿರ ನಿಂತು ಮಾತನಾಡುತ್ತಿದ್ದೆ. ಹೊರಗೆ ಏನೋ ನೋಡುವವನ ಹಾಗೆ ಮುಖ ತಿರುಗಿಸಿ ಉಸಿರು ತೆಗೆದುಕೊಳ್ಳುತ್ತಿದ್ದೆ. ನನ್ನ ಹೇಲು ಉಚ್ಚೆ ಬಳಿದು ಬೆಳೆಸಿದ ಹೆಂಗಸು ಅವಳು. ಅವಳಿಗೆ ತಿಳಿಯದೆ ಇರುತ್ತದೆಯೇ? ಒಂದು ದಿನ ನಾನು ಬಂದದ್ದನ್ನು ಕಂಡವಳೇ ಸೆರಗಿನಿಂದ ಗಲ್ಲ ಮುಚ್ಚಿಕೊಂಡು, ಕೈಯಿಂದ ಕಿಟಕಿಯನ್ನು ತೋರಿಸಿದಳು. ಅಲ್ಲೇ ನಿಂತುಕೋ ಎಂದು.

ನನ್ನ ಹೆಂಡತಿ ಪ್ರತಿ ಸಲವೂ ನುಚ್ಚಿನ ಅಂಬಲಿ ಮಾಡಿ ಮುಚ್ಚಳದ ಡಬ್ಬಿಯಲ್ಲಿ ಕೊಡುತ್ತಿದ್ದಳು. ಅತ್ತೆಗೆ ಅಗಿಯಲು ಬಾರದು ಎಂದು ಅದನ್ನು ಬಟ್ಟೆಯಲ್ಲಿ ಸೋಸುತ್ತಿದ್ದಳು. ಆಗ ಮನೆಮನೆಗೂ ಹೈಬ್ರಿಡ್ ಜೋಳ ಬಂದಿತ್ತು. ಚಿಗವ್ವನಿಗೆ ಅದರ ರುಚಿ ಸೇರದೆಂದು ಇವಳು ಓಣಿಯಲ್ಲಿ ಹಳೆಯ ಬಿಳಿಜೋಳ ಇದ್ದವರ ಮನೆ ಹುಡುಕಿ ತಂದು ಬೀಸುತ್ತಿದ್ದಳು.

"ನಾನೂ ಒಮ್ಮಿ ಬರ್ತೀನ್ರಿ. ಅತ್ತೀನ್ನ ನೋಡಬೇಕನಸ್ತೈತಿ," ಎಂದಳು ಒಂದು ಸಲ.

"ಮಲಿ ಕುಡಿಯೂ ಕೂಸು ಐತಿ. ಅಲ್ಲಿ ನೂರೆಂಟು ರೋಗ. ಬ್ಯಾಡ."

"ಕೂಸಿನ್ನ ಬಾಜೂ ಮನ್ಯಾಗ ಬಿಟ್ಟು ಬರ್ತೀನಿ."

"ಬ್ಯಾಡ ಅಂದ್ನೆಲ್ಲ."

ಅವಳು ಬಂದು ಕಿಟಕಿಯ ಹತ್ತಿರ ನಿಲ್ಲುವವಳಲ್ಲ. ಮಂಚದ ಮೇಲೆ ಕೂತು ತಲೆ ಬಾಚುವವಳು. ಅದನ್ನು ನೋಡುತ್ತ ನಿಲ್ಲಲು ನನಗೆ ಧೈರ್ಯವಿರಲಿಲ್ಲ.

ಒಂದು ದಿನ ಹಿರಿಯ ಸಿಸ್ಟರು ನನ್ನನ್ನು ಪಡಸಾಲೆಗೆ ಕರೆದರು. ದಕ್ಷಿಣ ಕನ್ನಡದ ಕಡೆಯವರು, ಪುಸ್ತಕದ ಕನ್ನಡ.

"ನಿಮ್ಮ ತಾಯಿಗೆ ಮನೆಗೆ ಹೋಗಬೇಕೆಂದಿದೆ. ದಿನಾ ಕೈಸನ್ನೆ ಮಾಡಿ ಕೇಳುತ್ತಾರೆ. ಇನ್ನು ಬಹಳ ದಿನ ಉಳಿಯುವುದಿಲ್ಲ. ಗಾಯ ಕಟ್ಟುವುದು ಅಂಥ ಕಷ್ಟವಲ್ಲ. ನಿಮ್ಮ ಹೆಂಡತಿಯನ್ನು ಇಲ್ಲಿಗೆ ಕಳಿಸಿ, ನಾವು ಕಲಿಸಿಕೊಡುತ್ತೇವೆ. ಔಷಧಿ, ಬಟ್ಟೆ ಎಲ್ಲ ನಾವೇ ಕೊಡುತ್ತೇವೆ. ಆಮೇಲೆ ಕರೆದುಕೊಂಡು ಹೋಗಿ."

ನಾನು ತಲೆ ಅಲ್ಲಾಡಿಸಿ, "ಮನ್ಯಾಗ ಕೇಳಿ ಹೇಳ್ತೀನ್ರಿ," ಎಂದೆ.

ಅದು ತಾನಾಗಿ ಬಾಯಿಗೆ ಬಂತು. ಸಿಸ್ಟರಿಗೆ ಸಂತೆಯ ಭಾಷೆ ಗೊತ್ತಿರಲಿಲ್ಲ. ಹೆಂಡತಿಯನ್ನು ಕೇಳಿ ನಿರ್ಧರಿಸುವ ಒಳ್ಳೆಯ ಗಂಡ ಎಂದುಕೊಂಡು ನಕ್ಕರು.

ಬಸ್ಸಿನಲ್ಲಿ ಬರುತ್ತ ನಾನು ನೆವ ಹುಡುಕಿದೆ. ಮಳೆಗಾಲ ದಾಟಿತ್ತು, ದಾರಿ ಒಣಗಿತ್ತು, ಮನೆಯಲ್ಲಿ ಖೋಲಿ ಖಾಲಿಯಿತ್ತು. ಹೆಣ್ಣು ನೋಡಲು ಬರುವವರಿದ್ದಾರೆ ಎನ್ನಲು ಮಗಳಿನ್ನೂ ತೊಡೆಯ ಮೇಲಿನ ಕೂಸು. ನೆವವೇ ಇರಲಿಲ್ಲ. ಅವಳು ಮನೆಗೆ ಬಂದರೆ ಆ ಖೋಲಿಗೆ ಕಿಟಕಿ ಇಲ್ಲ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

ಹೆಂಡತಿ ಬಾಗಿಲಲ್ಲೇ ಕೇಳಿದಳು: "ಏನಂದ್ರು ಸಿಸ್ಟರು? ಯಾವಾಗ ಕಳಸ್ತಾರಂತ?"

"ಕಳಸಂಗಿಲ್ಲಂತ. ಎತ್ತಿ ಕುಂದರಿಸಿದ್ರ ರಗತ ಬರ್ತೈತಂತ."

"ಚಕ್ಕಡಿ ಗಾಡ್ಯಾಗ ಹುಲ್ಲು ಹಾಕಿ, ಮ್ಯಾಲೆ ಗಾದಿ ಹಾಸಿ ತರೂಣು. ನಾ ತಲಿ ಹಿಡಕೊಂಡು ಕುಂದರ್ತೀನಿ."

"ಡಾಕ್ಟರಕಿಂತ ನೀ ಶಾಣ್ಯಾಕಿ ಆದೆಲ್ಲ," ಎಂದು ಗದರಿದೆ. ಮಾರನೆಯ ದಿನ ನೋಡಿದರೆ ಖೋಲಿಯ ನೆಲ ಹಸಿಯಾಗಿತ್ತು. ಸಗಣಿ ಹಾಕಿ ಸಾರಿಸಿದ್ದಳು. "ಏನರ ಆಗ್ಲಿ, ಇರ್ಲಿ," ಎಂದಳು.

ಮುಂದಿನ ಸಲ ನಾನು ಹೋದಾಗ ಚಿಗವ್ವ ಗೋಡೆಗೆ ಒರಗಿ ಕೂತಿದ್ದಳು. ತಲೆ ಬಾಚಿ ತುರುಬು ಕಟ್ಟಿದ್ದರು. ಕುಂದಗೋಳದ ಮುದುಕಿ ಹೇಳಿದಳು: "ಮುಂಜಾನಿಂದ ಹಿಂಗ ಕುಂತಾಳಪಾ. ಚಾದರ ಸುತ್ತ ಸರಿಮಾಡಕೊಂಡು, ಮದಿಮಗಳು ಕುಂತಂಗ."

ಚಿಗವ್ವ ನನ್ನನ್ನು ಹತ್ತಿರ ಕರೆದಳು. ಕಿಟಕಿ ತೋರಿಸಲಿಲ್ಲ. ನಾನು ಉಸಿರು ಬಿಗಿಹಿಡಿದು ಮಂಚದ ಅಂಚಿಗೆ ಕೂತೆ. "ಮನಿ," ಎಂದಳು. ಅದೊಂದು ಮಾತು ತಿಳಿಯಿತು. ಆಮೇಲೆ ಚಾದರದ ಕೆಳಗೆ ನನ್ನ ಕೈ ಹುಡುಕಿ ಹಿಡಿದಳು.

ಐದೂ ಬೆರಳು ಹಿಡಿದು ಒತ್ತಿದಳು. ನನಗೆ ಮೊದಲು ತಿಳಿಯಲಿಲ್ಲ, ಪ್ರೀತಿಯಿಂದ ಹಿಡಿದಳೆಂದುಕೊಂಡೆ. ಅವಳು ನನ್ನ ಮುಖ ನೋಡಿದಳು. ಹೆಬ್ಬೆರಳು ಬಿಟ್ಟು ನಾಲ್ಕು ಒತ್ತಿದಳು. ಆಗ ಅರ್ಥವಾಯಿತು. ಅವಳು ಕೇಳುತ್ತಿದ್ದದ್ದು ದಿನಗಳನ್ನು. ಐದು ದಿನ ಮನೆಯಲ್ಲಿ ಇಟ್ಟುಕೋ. ಆಗದೇನು? ನಾಲ್ಕು? ನಾನು ಬೆರಳು ಅಲುಗಿಸಲಿಲ್ಲ. ಇನ್ನೊಂದು ಬೆರಳು ಬಿಟ್ಟಳು, ಮತ್ತೊಂದು ಬಿಟ್ಟಳು. ದಲಾಲಿಯ ಮಗಳು. ಇಷ್ಟು ಬೇಗ ಇಳಿದು ವ್ಯಾಪಾರ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ನನ್ನ ಒಂದೇ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಕೂಸುಗಳು ಹಿಡಿಯುತ್ತವಲ್ಲ, ಹಾಗೆ.

ಒಂದು ದಿನ.

ನಾನು ಕೈ ಎಳೆದುಕೊಂಡೆ.

"ಯಾಕಪಾ, ಕೈ ಹಿಂದ ತಗೊಂಡಿ? ಯಾಪಾರ ಮುರೀತೇನು?" ಮುದುಕಿ ಪಕ್ಕದಿಂದ ನಗುತ್ತ ಕೇಳಿದಳು. ಅವಳಿಗೆ ತಮಾಷೆ.

ಚಿಗವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಏನಾದರೂ ಹೇಳಬೇಕಾಗಿತ್ತು. "ನಂದೇನಿಲ್ಲ ಚಿಗವ್ವಾ," ಎಂದೆ, "ಮನ್ಯಾಗ ಕೇಳಿದೆ. ಒಪ್ಪವಲ್ಲಳು. ಸಣ್ಣ ಕೂಸು ಐತಿ, ನನ್ನ ಕೈಲೆ ಆಗಂಗಿಲ್ಲ ಅಂತಾಳ. ನಾ ಏನ್ ಮಾಡ್ಲಿ?"

ದಲಾಲಿಯ ಮಗಳಿಗೆ ಆ ಮಾತಿನ ಬೆಲೆ ಗೊತ್ತಿರಲೇಬೇಕಿತ್ತು. ಅದರ ಹಿಂದೆ ಯಾವ ಹೆಂಡತಿಯೂ ಇರುವುದಿಲ್ಲ ಎಂದು ನನಗೆ ಕಲಿಸಿದವಳೇ ಅವಳು. ಆದರೆ ನಂಬಿದಳು. ನಾನು ಒಲ್ಲೆ ಎಂದೆ ಎಂದು ತಿಳಿಯುವುದಕ್ಕಿಂತ ಸೊಸೆ ಒಲ್ಲೆ ಎಂದಳೆಂದು ನಂಬುವುದು ಅವಳಿಗೆ ಸುಲಭವಾಗಿತ್ತು. ನಿಧಾನವಾಗಿ ತಲೆಯಾಡಿಸಿ, ನನ್ನ ಬೆನ್ನು ಸವರಿದಳು. ಪಾಪ, ಇವನೇನು ಮಾಡಿಯಾನು ಎನ್ನುವ ಹಾಗೆ. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಅಂಬಲಿಯ ಡಬ್ಬಿ ತೆಗೆದೆ. ಅವಳು ಅದನ್ನು ನೋಡಿದಳು, ಕೈಯ ಹಿಂಬದಿಯಿಂದ ದೂಡಿದಳು. ಇನ್ನೊಮ್ಮೆ ಹಿಡಿದೆ, ಗೋಡೆಯ ಕಡೆ ತಿರುಗಿಕೊಂಡಳು.

"ಒಲ್ಲದ ಕೈಲೆ ಮಾಡಿದ್ದು ಯಾರಿಗೆ ಸೇರ್ತೈತಿ ಬಿಡಪಾ," ಎಂದಳು ಮುದುಕಿ. ಅವಳು ಈಗ ನಗುತ್ತಿರಲಿಲ್ಲ.

ಬಸ್ಸು ನಿಲ್ಲುವ ಜಾಗದಲ್ಲಿ ಅಂಬಲಿಯನ್ನು ಗಟಾರಕ್ಕೆ ಸುರಿದು, ಹೋಟೆಲಿನವನಿಂದ ನೀರು ಕೇಳಿ ಡಬ್ಬಿ ತೊಳೆದೆ. ಮನೆಯಲ್ಲಿ ಹೆಂಡತಿ ಮುಚ್ಚಳ ತೆಗೆದು ನೋಡಿದಳು.

"ಎಲ್ಲಾ ಕುಡದ್ಲೇನ್ರಿ?"

"ಎಲ್ಲಾ ಕುಡದ್ಲು."

"ಹಂಗಾರ ಮುಂದಿನ ಸಲ ಇನ್ನಷ್ಟು ಕೊಡ್ತೀನಿ. ಒಂದೀಟು ಜೀರಗಿ ಹಾಕಿದ್ನಿ. ಅದಕ ರುಚಿ ಹತ್ತೇತಿ ನೋಡ್ರಿ."

ಆಮೇಲೆ ಹೋದ ಸಲವೆಲ್ಲ ಅದೇ ಆಯಿತು. ಡಬ್ಬಿ ದೊಡ್ಡದಾಯಿತು, ಗಟಾರ ಅದೇ ಇತ್ತು. ಈ ಇಬ್ಬರು ಹೆಂಗಸರ ನಡುವೆ ನಡೆದಾಡುತ್ತಿದ್ದವನು ನಾನೊಬ್ಬನೇ. ಒಬ್ಬಳ ಮಾತು ಇನ್ನೊಬ್ಬಳಿಗೆ ಮುಟ್ಟದಂತೆ ನೋಡಿಕೊಳ್ಳುವುದು ಸಂತೆಯಲ್ಲಿ ಪಳಗಿದವನಿಗೆ ಏನೂ ಕಷ್ಟವಾಗಲಿಲ್ಲ.

ಕೊನೆಯ ಸಲ ನೋಡಿದಾಗ ಅವಳು ಕಣ್ಣು ಮುಚ್ಚಿ ಮಲಗಿದ್ದಳು. ಕೊರಳಲ್ಲಿ ಲಿಂಗದ ದಾರ ಸಡಿಲವಾಗಿ ಜಾರಿತ್ತು. ಅದನ್ನು ಎದೆಯ ಮೇಲೆ ಸರಿಯಾಗಿ ಇಟ್ಟೆ. ಕಿವಿಯ ಹತ್ತಿರ ಬಗ್ಗಿ, "ತಪ್ಪಾತು ಚಿಗವ್ವಾ," ಎಂದೆ. ಆ ದಿನ ವಾಸನೆ ನನಗೆ ತಿಳಿಯಲೇ ಇಲ್ಲ. ಅವಳ ಕೈ ಸ್ವಲ್ಪ ಅಲುಗಿತು. ಏನು ತಪ್ಪು ಎಂದು ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ. ನಾನೂ ಹೇಳಲಿಲ್ಲ. ಹಾಗೆ ನೋಡಿದರೆ ಅದೂ ಅರ್ಧ ಕ್ಷಮೆಯೇ. ಆದರೂ ಕೇಳಿದೆ ಎಂಬ ಸಮಾಧಾನವನ್ನು ಇಟ್ಟುಕೊಂಡಿದ್ದೇನೆ.

ಸತ್ತ ಸುದ್ದಿ ನಮ್ಮೂರ ಕಿರಾಣಿ ಅಂಗಡಿಗೆ ಬಸ್ಸಿನ ಕಂಡಕ್ಟರನ ಬಾಯಲ್ಲಿ ಬಂತು. ಬಾಡಿಗೆ ಗಾಡಿ ಮಾಡಿ ಅವಳನ್ನು ಮನೆಗೆ ತಂದೆ. ಬದುಕಿದ್ದಾಗ ಆಗದೆಂದದ್ದು ಆ ದಿನ ಸಲೀಸಾಗಿ ಆಯಿತು. ಹೆಂಡತಿ ಮೈ ತೊಳೆದಳು, ಹಸಿ ಗಾಯವನ್ನೂ ತೊಳೆದಳು, ಮೂಗು ಮುಚ್ಚಿಕೊಳ್ಳಲಿಲ್ಲ. ವಿಭೂತಿ ಹಚ್ಚಿ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದೆವು. ಓಣಿಯ ಹೆಂಗಸರೆಲ್ಲ ಸೇರಿದರು. ತಂಬೂರದಿಂದ ಚಿಗವ್ವನ ತಮ್ಮನ ಹೆಂಡತಿ ಬಂದಳು. ತಂಬೂರ ಆ ಸಿಸ್ಟರುಗಳ ಮನೆಗೆ ಹತ್ತಿರ. ಅವಳು ಆಗಾಗ ಹೋಗಿ ನೋಡಿ ಬರುತ್ತಿದ್ದಳು. ಚಿಗವ್ವ ಕೈಸನ್ನೆಯಿಂದ ತಿಳಿಸಿದ್ದನ್ನೆಲ್ಲ ಕುಂದಗೋಳದ ಮುದುಕಿಯ ಹತ್ತಿರ ಕೂತು ಕೇಳಿಕೊಂಡಿದ್ದಳು.

ನನ್ನ ಹೆಂಡತಿ ಅವಳಿಗೆ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಹೋದಳು. ಅವಳು ತಂಬಿಗೆ ಮುಟ್ಟಲಿಲ್ಲ.

"ನಿನ್ನ ಕೈಯಾನ ನೀರು ನನಗ ಬ್ಯಾಡವಾ. ಒಂದ ಒಂದು ದಿನ ಇಟ್ಟಗೋ ಅಂತ ಬೆರಳು ಹಿಡದು ಬೇಡಿಕೊಂಡ್ಳಂತ ನಿಮ್ಮತ್ತಿ. ಒಂದು ದಿನ! ಆಗಂಗಿಲ್ಲ ಅಂದೆಂತಲ್ಲ? ಈಗ ಭಾರಿ ಮೈ ತೊಳಿಯಾಕ ಬಂದಾಳ, ಮಂದಿ ನೋಡ್ಲೆಂತ."

ಅಳುತ್ತಿದ್ದವರೆಲ್ಲ ಇತ್ತ ತಿರುಗಿದರು. ನನ್ನ ಹೆಂಡತಿ ಅವಳ ಕಡೆ ನೋಡಲಿಲ್ಲ. ತಿರುಗಿ ನನ್ನ ಕಡೆ ನೋಡಿದಳು. ಸಿಟ್ಟಿನ ನೋಟವಲ್ಲ. ಏನಿದು ಎಂದು ಕೇಳುವ ನೋಟ, ನಾನು ಈಗ ಹೇಳುತ್ತೇನೆಂದು ಕಾಯುವ ನೋಟ. ನಾನು ಗಂಡಸರ ನಡುವೆ ಕೂತಿದ್ದೆ. ಒಂದು ಮಾತು ಸಾಕಾಗಿತ್ತು. ಧೋತರದ ಅಂಚನ್ನು ಬೆರಳಿಗೆ ಸುತ್ತುತ್ತ ಕೂತೆ. ಹೊರಗಿನಿಂದ ಯಾರೋ, "ಹೊತ್ತಾಗ್ತೈತಿ, ಎತ್ತರ್ರೆಪಾ," ಎಂದರು. ನನ್ನ ಪಾಲಿಗೆ ಅದೇ ದೇವರು ಬಂದ ಹಾಗಾಯಿತು.

ಹೊಲದಲ್ಲಿ ಮಣ್ಣುಮಾಡಿ ಬಂದೆವು. ಬಂದವರು ಹೋದರು. ಹೆಂಡತಿ ಒಲೆಯ ಮುಂದೆ ಕೂತಿದ್ದಳು. ನಾನು ಬೈಗುಳಕ್ಕೆ ಸಿದ್ಧನಾಗಿ ಹೋದೆ. ಅವಳು ಕೇಳಿದ್ದು ಒಂದೇ: "ಖರೇ ಹೇಳ್ರಿ. ಅಂಬಲಿ ಕುಡದಿದ್ಲೋ ಇಲ್ಲೋ?"

"ಕುಡದಿದ್ಲು," ಎಂದೆ.

ಅವಳು ಕೊಳ್ಳಿಯನ್ನು ಒಲೆಯೊಳಗೆ ದೂಡಿ, "ಅಷ್ಟರ ಆತಲ್ಲ," ಎಂದಳು. ಮತ್ತೆ ಆ ಮಾತನ್ನು ಎತ್ತಲಿಲ್ಲ. ಸಾಯುವವರೆಗೂ ಎತ್ತಲಿಲ್ಲ.

ಊರು ಎತ್ತಿತು. ಸಾಯುವ ಅತ್ತೆಗೆ ಒಂದು ದಿನ ಜಾಗ ಕೊಡದವಳು ಎಂಬ ಮಾತು ನಲ್ಲಿಯ ಕಟ್ಟೆಯಲ್ಲಿ, ಹತ್ತಿ ಬಿಡಿಸುವ ಸಾಲಿನಲ್ಲಿ ಓಡಾಡಿತು. ಮಗಳ ಮದುವೆಯಲ್ಲಿ ತಂಬೂರದ ಹೆಂಗಸರಿಗೆ ಉಡಿ ತುಂಬಲು ಹೋದಾಗ ಒಬ್ಬಳೂ ಸೆರಗೊಡ್ಡಲಿಲ್ಲ. ಇವಳು ಅಕ್ಕಿ, ಕೊಬ್ಬರಿ, ಕುಬಸದ ಬಟ್ಟೆ ಇದ್ದ ಮೊರವನ್ನು ಹಿಡಿದು ಚಪ್ಪರದ ನಡುವೆ ನಿಂತಿದ್ದಳು. ನಾನು ಊಟದ ಪಂಕ್ತಿ ನೋಡಿಕೊಳ್ಳುತ್ತಿದ್ದೆ. ಕಂಡೆ. ಕಂಡು, ಸಾರು ಬಂತೇನೋ ಎಂದು ಕೂಗಿದೆ.

ಹೇಳಬೇಕೆಂದು ಅನಿಸಲಿಲ್ಲವೇ? ಅನಿಸಿತು. ಬಿತ್ತುವಾಗ, ಅವಳು ನನ್ನ ಹಿಂದೆ ಕಾಳು ಬಿಡುತ್ತ ಬರುವಾಗ ಎಷ್ಟೋ ಸಲ ಬಾಯವರೆಗೆ ಬಂದಿತು. ಒಂದು ನಿಜ ಹೇಳಿದರೆ ಇನ್ನೊಂದೂ ಹೇಳಬೇಕು, ಅತ್ತೆ ಅಂಬಲಿ ಕುಡಿದಳೆಂಬ ಅವಳ ಒಂದು ಸಮಾಧಾನವನ್ನೂ ಕಸಿದುಕೊಳ್ಳಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅವಳ ಮೇಲಿನ ಕರುಣೆಯಿಂದ ಸುಮ್ಮನಿದ್ದೇನೆ ಎಂದು ನಂಬಿದೆ. ಕರುಣೆಯಲ್ಲ ಅದು. ಚಪ್ಪರದಲ್ಲಿ ಮೊರ ಹಿಡಿದು ನಿಂತವಳು ಅವಳಾಗಿದ್ದಳು, ನಾನಾಗಿರಲಿಲ್ಲ, ಅಷ್ಟೇ.

ಅವಳು ತೀರಿಕೊಂಡದ್ದು ಮನೆಯಲ್ಲೇ. ಜ್ವರ ಬಂದು ಕೆಲವೇ ದಿನ ಮಲಗಿದಳು. ನಾನು ಪಕ್ಕದಲ್ಲೇ ಇದ್ದೆ, ಅವಳಿಗೆ ಎಚ್ಚರವಿತ್ತು, ಮಾತು ಚೆನ್ನಾಗಿತ್ತು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇಷ್ಟೆಲ್ಲ ಅನುಕೂಲವಿತ್ತು. ನಾನು ಎಮ್ಮೆ ಕರು ಹಾಕುವ ಮಾತಾಡಿದೆ.

ಚಿಗವ್ವನಿಗೆ ಅರ್ಧವಾದರೂ ತಪ್ಪೊಪ್ಪಿಕೊಂಡೆ. ವಯಸ್ಸಾದ ಮೇಲೆ ತಂಬೂರಕ್ಕೆ ಹೋಗಿ ಚಿಗವ್ವನ ತಮ್ಮನ ಹೆಂಡತಿಯ ಮುಂದೆಯೂ ಎಲ್ಲ ಹೇಳಿದೆ. ಅವಳು ಹಣೆ ಬಡಿದುಕೊಂಡು ಅತ್ತಳು. ಲಿಂಗ ಪೂಜೆಗೆ ಕೂತಾಗ ದಿನಾ ಹೇಳುತ್ತೇನೆ. ಯಾರ ಮುಂದೆ ಮೊದಲು ಹೇಳಬೇಕಿತ್ತೋ ಅವಳ ಮುಂದೆ ಮಾತ್ರ, ಒಂದೇ ಮನೆಯಲ್ಲಿ ಅಷ್ಟು ವರ್ಷ ಅವಳ ಕೈಯಿಂದ ಉಂಡೂ, ಹೇಳಲಿಲ್ಲ. ಅವಳು ನನ್ನ ಹೆಂಡತಿ.